ಇಲಿಯ ಪಾದವೂ ಮನುಷ್ಯನ ಮಂಡಿಯೂ

“ವೈಜ್ಞಾನಿಕವಾಗಿ ದೃಢಪಟ್ಟಿದೆ” ಎಂಬ ಎರಡು ಪದಗಳಿಗೆ ಈಚೆಗೆ ನಮ್ಮ ನಾಡಿನಲ್ಲಿ ಒದಗಿಬಂದಿರುವ ಗೌರವವು ಹಿಂದೊಂದು ಕಾಲದಲ್ಲಿ ಆಪ್ತವಾಕ್ಯಕ್ಕಾದರೂ ಇದ್ದಿತೋ ಇಲ್ಲವೋ ನಾನರಿಯೆ. ಮೊಣಕಾಲಿಗೆ ತಿಕ್ಕುವ ತೈಲದ ಸೀಸೆಯ ಮೇಲೆ ಆ ಮಾತುಂಟು; ಕೀಲುನೋವಿನ ಗುಳಿಗೆಯ ಡಬ್ಬಿಯ ಮೇಲೆ ಉಂಟು; ಭಾನುವಾರದ ಪುರವಣಿಯಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ, ಬೆಳಗಿನ ವಾಯುವಿಹಾರದ ಹಿರಿಯರ ಗೋಷ್ಠಿಯಲ್ಲಿ ಸಹ ಉಂಟು. ಅದನ್ನು ನುಡಿಯುವವರ ಆಶಯವನ್ನು ಸಂಗ್ರಹವಾಗಿ ಹೇಳುವುದಾದರೆ ಇಷ್ಟು: ನಮ್ಮ ಪೂರ್ವಿಕರು ವಾತರೋಗಗಳಿಗೆ ವಿಧಿಸಿದ ಮೂಲಿಕೆಗಳನ್ನು ಆಧುನಿಕ ಪ್ರಯೋಗಶಾಲೆಗಳು ಒರೆಗೆ ಹಚ್ಚಿ ನೋಡಿವೆ, ಅವುಗಳ ಸಾರವು ಉರಿಯೂತವನ್ನು ಶಮನಮಾಡುವುದೆಂದು ನೂರಾರು ಪ್ರಬಂಧಗಳಲ್ಲಿ ಅಂಕಿಸಂಖ್ಯೆಗಳೊಡನೆ ಸಿದ್ಧಪಡಿಸಿವೆ, ಆದಕಾರಣ ಅವು ಸಂಧಿವಾತಕ್ಕೆ ಔಷಧಗಳೆಂಬುದರಲ್ಲಿ ಇನ್ನು ಚರ್ಚೆಗೆ ಎಡೆಯಿಲ್ಲ, ಚರ್ಚಿಸುವವನು ಒಂದೋ ವಿದೇಶೀ ಔಷಧ ಕಂಪನಿಗಳ ಪಕ್ಷದವನು, ಇಲ್ಲವೇ ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಉದಾಹರಣೆಯಾಗಬಲ್ಲ ಮೂಢನು. ಈ ಅಭಿಪ್ರಾಯವು ವಿದ್ಯಾವಂತರಲ್ಲಿಯೇ ಹೆಚ್ಚಾಗಿ ಬೇರೂರಿರುವುದರಿಂದಲೂ, ಅದರ ಫಲವನ್ನು ಅನುಭವಿಸತಕ್ಕವರು ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ನೋಡಿ ನಿಟ್ಟುಸಿರಿಡುವ ವೃದ್ಧರಾಗಿರುವುದರಿಂದಲೂ, ಅದನ್ನು ಖಂಡಿಸುವುದು ಅಗತ್ಯವೆಂದು ನನಗೆ ತೋರಿದೆ.

ಮೊದಲೇ ಒಂದು ಮಾತು. ನಾನು ಮೂಲಿಕೆಗಳ ದ್ವೇಷಿಯಲ್ಲ. ನಮ್ಮ ಮನೆಯ ಬೇಲಿಯೇ ಲಕ್ಕಿಗಿಡದ್ದು. ಅದರ ಸೊಪ್ಪನ್ನು ಹಂಡೆಯ ನೀರಿನಲ್ಲಿ ಕುದಿಸಿ ಬಾಣಂತಿಯರಿಗೆ ಎರೆಯುತ್ತಿದ್ದುದನ್ನೂ, ಮನೆಯಲ್ಲಿ ಯಾರಿಗಾದರೂ ಸೊಂಟ ಹಿಡಿದ ದಿನ ಅಜ್ಜಿಯು ಅದನ್ನೇ ಬಾಣಲೆಯಲ್ಲಿ ಬಾಡಿಸಿ, ಬಟ್ಟೆಯಲ್ಲಿ ಗಂಟುಕಟ್ಟಿ, ಹರಳೆಣ್ಣೆ ಸವರಿದ ಜಾಗಕ್ಕೆ ಶಾಖ ಕೊಡುತ್ತಿದ್ದುದನ್ನೂ ಕಂಡು ಬೆಳೆದವನು ನಾನು. ಆ ಶಾಖದಿಂದ ಅವರಿಗೆ ಸುಖವಾಗುತ್ತಿತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ. ನನ್ನ ತಕರಾರು ಗಿಡದ ಮೇಲೂ ಅಲ್ಲ, ಅಜ್ಜಿಯ ಮೇಲೂ ಅಲ್ಲ. ಗಿಡದ ಪರವಾಗಿ ನ್ಯಾಯಸ್ಥಾನಕ್ಕೆ ತಂದು ನಿಲ್ಲಿಸಿರುವ ಸಾಕ್ಷಿಯ ಮೇಲೆ. ಆ ಸಾಕ್ಷಿ ಒಂದು ಬಿಳಿ ಇಲಿ.

ಪರೀಕ್ಷೆಯೆಂದು ಜನ ಕರೆಯುವುದು ಏನೆಂಬುದನ್ನು ವಾಚಕರು ಸ್ವಲ್ಪ ವಿವರವಾಗಿ ತಿಳಿಯಬೇಕು. ಐರ್ಲೆಂಡಿನ ಕರಾವಳಿಯಲ್ಲಿ ದೊರೆಯುವ ಒಂದು ಬಗೆಯ ಕೆಂಪು ಕಡಲಪಾಚಿಯಿಂದಲೂ ಅದರ ಬಂಧುವರ್ಗದಿಂದಲೂ ತೆಗೆದ ಕ್ಯಾರಜೀನನ್ ಎಂಬ ಅಂಟುಪದಾರ್ಥವೊಂದುಂಟು. ಐಸ್‌ಕ್ರೀಮು ಮೊದಲಾದ ಹಾಲಿನ ತಿನಿಸುಗಳನ್ನು ಮಂದವಾಗಿಸಲು ಬಳಸುವುದೂ ಇದನ್ನೇ. ನೂರರಲ್ಲಿ ಒಂದು ಪಾಲಿನ ಇದರ ದ್ರಾವಣವನ್ನು 0.1 ಮಿಲಿಲೀಟರಿನಷ್ಟು ಇಲಿಯ ಹಿಂಗಾಲಿನ ಅಂಗಾಲಿಗೆ ಸೂಜಿಯಿಂದ ಚುಚ್ಚುತ್ತಾರೆ. ಪಾದವು ಊದಿಕೊಳ್ಳಲಾರಂಭಿಸಿ ಮೂರರಿಂದ ಐದು ಗಂಟೆಗಳೊಳಗೆ ಊತದ ತುದಿಯನ್ನು ಮುಟ್ಟಿ, ಅನಂತರ ತಾನಾಗಿ ಇಳಿಯತೊಡಗುತ್ತದೆ. ಚುಚ್ಚುವುದಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಮುಂಚೆ ಆರು ಇಲಿಗಳ ಒಂದು ಗುಂಪಿಗೆ ಬರಿಯ ನೀರನ್ನು, ಇನ್ನೊಂದಕ್ಕೆ ಇಂಡೋಮೆಥಾಸಿನ್ ಅಥವಾ ಡೈಕ್ಲೋಫೆನಾಕ್ ಎಂಬ ನೋವುನಿವಾರಕವನ್ನು, ಮತ್ತೆರಡು ಗುಂಪುಗಳಿಗೆ ಗಿಡದ ಸಾರವನ್ನು, ದೇಹದ ತೂಕದ ಒಂದು ಕಿಲೋಗ್ರಾಂಗೆ 200 ಮತ್ತು 400 ಮಿಲಿಗ್ರಾಂ ಎಂಬ ಲೆಕ್ಕದಲ್ಲಿ, ಕೊಟ್ಟಿರುತ್ತಾರೆ. ಗಂಟೆಗೊಮ್ಮೆ ಪಾದವನ್ನು ಪಾದರಸದಲ್ಲಿಯೋ ನೀರಿನಲ್ಲಿಯೋ ಅದ್ದಿ, ಉಕ್ಕಿದ ಪ್ರಮಾಣದಿಂದ ಊತವನ್ನು ಅಳೆಯುತ್ತಾರೆ. ಸಾರ ಕುಡಿದ ಇಲಿಗಳ ಪಾದ ನೀರು ಕುಡಿದವುಗಳ ಪಾದಕ್ಕಿಂತ ಕಡಮೆ ಊದಿದ್ದರೆ, ವ್ಯತ್ಯಾಸವು ಸಂಖ್ಯಾಶಾಸ್ತ್ರದ ಗೆರೆಯನ್ನು ದಾಟಿದ್ದರೆ, ಪ್ರಬಂಧ ಮುಗಿಯಿತು. ಮರುದಿನ ಯಾರೋ ಅದನ್ನು ಓದಿ, ನಮ್ಮ ಗಿಡ ಸಂಧಿವಾತವನ್ನು ಗುಣಪಡಿಸುವುದೆಂದು ಸಾರುತ್ತಾರೆ.

ಈ ವಿಧಾನವನ್ನು 1962ರಲ್ಲಿ ಅಮೆರಿಕದ ವಿಂಟರ್ ಎಂಬಾತನೂ ಅವನ ಇಬ್ಬರು ಸಹೋದ್ಯೋಗಿಗಳೂ ಪ್ರಕಟಿಸಿದರು. ಇದು ಒಳ್ಳೆಯ ವಿಧಾನವೇ, ಆದರೆ ಯಾವುದಕ್ಕೆ? ರಸಾಯನಶಾಲೆಯಲ್ಲಿ ಹೊಸದಾಗಿ ಹುಟ್ಟಿದ, ಯಾವ ಮನುಷ್ಯನೂ ಎಂದೂ ನುಂಗದ ನೂರಾರು ವಸ್ತುಗಳ ರಾಶಿಯಿಂದ ಮುಂದೆ ವಿಚಾರಿಸತಕ್ಕವು ಯಾವುವು, ಬಿಸಾಡತಕ್ಕವು ಯಾವುವು ಎಂದು ಬೇಗ ಆಯ್ದುಕೊಳ್ಳುವುದಕ್ಕೆ. ಅದು ಜರಡಿ, ತಕ್ಕಡಿಯಲ್ಲ. ಜರಡಿಯಲ್ಲಿ ನಿಂತದ್ದನ್ನು ಅಕ್ಕಿಯೆನ್ನಬೇಕೋ ಕಲ್ಲೆನ್ನಬೇಕೋ ಎಂಬುದು ಆಮೇಲಿನ ಕೆಲಸ. ರೋಫಿಕಾಕ್ಸಿಬ್ ಎಂಬ ಪಾಶ್ಚಾತ್ಯ ಮಾತ್ರೆಯೂ ಇಲಿಯ ಪಾದದ ಈ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದೇ. ಲಕ್ಷಾಂತರ ಜನ ಸೇವಿಸಿದ ಬಳಿಕ, ಹೃದಯಾಘಾತಕ್ಕೆ ದಾರಿಮಾಡುವುದೆಂಬ ಕಾರಣದಿಂದ ಅದನ್ನು 2004ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಇಲಿಯು ಈ ವಿಷಯದಲ್ಲಿ ಸುಳ್ಳು ಹೇಳಲಿಲ್ಲ. ಅದನ್ನು ಯಾರೂ ಹೃದಯದ ವಿಚಾರ ಕೇಳಿರಲೇ ಇಲ್ಲ.

ಪರೀಕ್ಷೆಯೊಳಗೇ ಇರುವ ಒಂದು ಸೂಕ್ಷ್ಮವನ್ನು ಔಷಧಶಾಸ್ತ್ರಜ್ಞರು ಬಲ್ಲರು, ಪ್ರಬಂಧಗಳು ಮಾತ್ರ ಮರೆಯುತ್ತವೆ. ದೇಹದ ಒಂದು ಭಾಗದಲ್ಲಿ ಕೆರಳಿಕೆಯುಂಟಾದರೆ ಇನ್ನೊಂದು ಭಾಗದ ಊತ ತಗ್ಗುವುದುಂಟು. ಶುದ್ಧಿಮಾಡದ ಒರಟು ಸಾರವನ್ನು ಇಲಿಯ ಹೊಟ್ಟೆಯೊಳಕ್ಕೆ ಚುಚ್ಚಿದಾಗ ಅಲ್ಲಿ ಉಂಟಾಗುವ ಉರಿಯೇ ಪಾದದ ಊತವನ್ನು ಕುಗ್ಗಿಸಬಹುದು. ಅಂದರೆ, ವಿಷವಾಗಿರುವುದರಿಂದಲೇ ಒಂದು ಸಾರವು ಔಷಧವೆಂಬ ಬಿರುದನ್ನು ಪಡೆಯಬಹುದು! ಪ್ರನಾಳಿಕೆಯಲ್ಲಿ ನಡೆಸುವ ಪರೀಕ್ಷೆಗಳ ಪಾಡಂತೂ ಇನ್ನೂ ಹಗುರ. ಕೋಳಿಮೊಟ್ಟೆಯ ಬಿಳಿಯನ್ನು ಕಾಯಿಸಿ, ಅದು ಗಟ್ಟಿಯಾಗುವುದನ್ನು ಎಲೆಯ ಸಾರ ಎಷ್ಟರಮಟ್ಟಿಗೆ ತಡೆಯಿತೆಂದು ನೋಡಿ, ಅದಕ್ಕೆ ಸಂಧಿವಾತಹರ ಗುಣವೆಂದು ಹೆಸರಿಡುತ್ತಾರೆ. ಒಗರುಳ್ಳ ಎಲೆಗಳ ಸಾರಕ್ಕೆ ಸಸಾರಜನಕದೊಡನೆ ಬೆರೆತು ಅದರ ನಡತೆಯನ್ನು ಬದಲಿಸುವ ಸ್ವಭಾವ ಸಹಜವಾಗಿಯೇ ಉಂಟು. ಬೇಯಲೊಲ್ಲದ ಮೊಟ್ಟೆಗೂ ಮಡಿಸಲೊಲ್ಲದ ಮಂಡಿಗೂ ಏನು ನೆಂಟಸ್ತಿಕೆಯೆಂದು ಕೇಳುವ ಪರೀಕ್ಷಕರು ಒಬ್ಬರಾದರೂ ಇಲ್ಲವೆ? ಅರಿಶಿನದ ಕರ್ಕ್ಯುಮಿನ್ ವಸ್ತುವು ಇಂಥ ನಾಳಿಕೆಗಳ ಪರೀಕ್ಷೆಗಳಲ್ಲಿ ನಿಜವಾದ ಗುಣವಿಲ್ಲದೆಡೆಯೂ ಗುಣವನ್ನು ತೋರಿಸಿ ಮೋಸಗೊಳಿಸಬಲ್ಲುದೆಂದು ಔಷಧ ರಸಾಯನಜ್ಞರು 2017ರಲ್ಲಿ ವಿಸ್ತಾರವಾಗಿ ಎಚ್ಚರಿಸಿದ್ದಾರೆ.

ಇನ್ನು ಊತವೇ ವ್ಯಾಧಿಯೆ ಎಂಬ ಪ್ರಶ್ನೆ. ಸಂಧಿವಾತವೆಂದು ನಾವು ಒಂದೇ ಚೀಲದಲ್ಲಿ ತುಂಬಿರುವ ರೋಗಗಳು ಒಂದಲ್ಲ. ವಯಸ್ಸಿನಿಂದಲೂ ಭಾರದಿಂದಲೂ ಮೊಣಕಾಲಿನ ಮೃದ್ವಸ್ಥಿ ಸವೆದು ಬರುವ ನೋವು ಒಂದು; ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ತಿರುಗಿಬಿದ್ದು ಬೆರಳುಗಳ ಸಣ್ಣ ಕೀಲುಗಳನ್ನು ವರ್ಷಗಟ್ಟಲೆ ಕೊರೆದು ಕೈಯನ್ನು ಸೊಟ್ಟಮಾಡುವ ರುಮಟಾಯ್ಡ್ ಸಂಧಿವಾತ ಇನ್ನೊಂದು; ಯೂರಿಕ್ ಆಮ್ಲದ ಹರಳುಗಳು ಕಾಲಿನ ಹೆಬ್ಬೆರಳಿನಲ್ಲಿ ಸೇರಿ ನಡುರಾತ್ರಿ ಬೆಂಕಿಯಿಡುವ ಗೌಟ್ ಮತ್ತೊಂದು. ಐದು ಗಂಟೆಗಳೊಳಗೆ ತುದಿಮುಟ್ಟಿ ಇಳಿಯತೊಡಗುವ ಕಡಲಪಾಚಿಯ ಊತವು ಇವುಗಳಲ್ಲಿ ಯಾವುದರ ಪ್ರತಿನಿಧಿ? ಆಯುರ್ವೇದದ ಹೆಸರಿನಲ್ಲಿ ಈ ಪರೀಕ್ಷೆಗಳನ್ನು ಕೊಂಡಾಡುವವರು ಆಯುರ್ವೇದವನ್ನಾದರೂ ತೆರೆದು ನೋಡಬಾರದೆ? ವಾತರಕ್ತವೆಂದೂ ಸಂಧಿಗತವಾತವೆಂದೂ ಅಲ್ಲಿ ಬೇರೆಬೇರೆ ವ್ಯಾಧಿಗಳುಂಟು. ಮಾಧವನಿದಾನವು ಆಮವಾತವೆಂಬುದನ್ನು ಪ್ರತ್ಯೇಕ ಪ್ರಕರಣದಲ್ಲಿ ನಿರೂಪಿಸಿತು. ಸಂಧಿಗತವಾತದಲ್ಲಿ ಹಿತವಾದ ಎಣ್ಣೆಯ ಅಭ್ಯಂಗವೇ ಆಮ, ಎಂದರೆ ಜೀರ್ಣವಾಗದೆ ಉಳಿದ ಅನ್ನರಸ, ಪ್ರಬಲವಾಗಿರುವ ಆಮವಾತದಲ್ಲಿ ಅಹಿತವೆಂದು ವೈದ್ಯರು ಲಂಘನವನ್ನೂ, ಮರಳಿನ ಗಂಟಿನಿಂದ ಕೊಡುವ ಒಣ ಶಾಖವನ್ನೂ ವಿಧಿಸುತ್ತಾರೆ. ರೋಗಿಯನ್ನು ಕೂರಿಸಿಕೊಂಡು ನಿನಗೆ ಹಸಿವು ಹೇಗಿದೆ, ಬೆಳಗ್ಗೆ ಬಿಗಿತವೆಷ್ಟು, ನೋವು ಒಂದೇ ಕಡೆ ನಿಲ್ಲುವುದೋ ಓಡಾಡುವುದೋ ಎಂದು ವಿಚಾರಿಸದೆ ಔಷಧವನ್ನು ಹೇಳಬಾರದೆಂಬ ಶಾಸ್ತ್ರವನ್ನು, ಉತ್ತರ ಹೇಳಲಾರದ ಪ್ರಾಣಿಯೊಂದರ ಊದಿದ ಪಾದದಿಂದ ಸಮರ್ಥಿಸಹೊರಡುವುದು ಸಮರ್ಥನೆಯಲ್ಲ, ಅವಮಾನ.

ಅವಮಾನ ಅಷ್ಟಕ್ಕೇ ನಿಂತಿಲ್ಲ. ಕಷಾಯವೆಂದರೆ ನೀರಿನಲ್ಲಿ ಕುದಿಸಿ ಇಂಗಿಸಿದ್ದು. ತೈಲವೆಂದರೆ ಎಣ್ಣೆಯಲ್ಲಿ ಪಾಕಮಾಡಿದ್ದು. ಲೇಪವೆಂದರೆ ಅರೆದು ಹಚ್ಚಿದ್ದು. ಪ್ರಯೋಗಶಾಲೆಯಲ್ಲಿ ಅದೇ ಗಿಡವನ್ನು ಸಾಕ್ಸ್‌ಲೆಟ್ ಉಪಕರಣದಲ್ಲಿಟ್ಟು ಪೆಟ್ರೋಲಿಯಂ ಈಥರಿನಿಂದಲೋ ಮೆಥನಾಲಿನಿಂದಲೋ ಹಿಂಡುತ್ತಾರೆ. ನೀರಿಗೆ ಬರುವ ಅಂಶ ಬೇರೆ, ಮೆಥನಾಲಿಗೆ ಬರುವ ಅಂಶ ಬೇರೆ. ಅಜ್ಜಿಯು ಸೊಂಟಕ್ಕೆ ಶಾಖ ಕೊಟ್ಟ ಲಕ್ಕಿಸೊಪ್ಪನ್ನು ಇಲಿಯ ಬಾಯಿಗೆ ನಳಿಕೆಯಿಂದ ಹೊಯ್ದು, ಬಂದ ಫಲವನ್ನು ಅಜ್ಜಿಯ ಖಾತೆಗೆ ಜಮಾಮಾಡುವುದು ಯಾವ ಲೆಕ್ಕ?

ಲೆಕ್ಕದ ಮಾತು ಬಂದದ್ದರಿಂದ, ಪ್ರಮಾಣವನ್ನು ಕುರಿತು ಒಂದು ಚಿಕ್ಕ ಗಣಿತವನ್ನು ವಾಚಕರೇ ಮಾಡಿ ನೋಡಬಹುದು. ಇಲಿಗೆ ಕೊಟ್ಟದ್ದು ಕಿಲೋಗ್ರಾಂಗೆ 400 ಮಿಲಿಗ್ರಾಂ. ಚಿಕ್ಕ ಪ್ರಾಣಿಯ ದೇಹವ್ಯಾಪಾರ ತ್ವರಿತವಾದ್ದರಿಂದ ಮನುಷ್ಯನ ಪ್ರಮಾಣಕ್ಕೆ ತರಲು ಅದನ್ನು ಸುಮಾರು 6.2ರಿಂದ ಭಾಗಿಸುವುದು ವಾಡಿಕೆ. ಬಂದದ್ದು ಸುಮಾರು 65 ಮಿಲಿಗ್ರಾಂ. 60 ಕಿಲೋಗ್ರಾಂ ತೂಕದ ಒಬ್ಬ ಮನುಷ್ಯನಿಗೆ ದಿನವೊಂದಕ್ಕೆ ಹತ್ತಿರ ಹತ್ತಿರ 4 ಗ್ರಾಂ ಒಣಸಾರವಾಯಿತು. ನೂರು ಗ್ರಾಂ ಒಣ ಎಲೆಯಿಂದ ಹತ್ತು ಗ್ರಾಂ ಸಾರ ಬರುವುದೆಂದು ಇಟ್ಟುಕೊಂಡರೆ, ಅದು 40 ಗ್ರಾಂ ಒಣ ಎಲೆ; ಪ್ರತಿದಿನವೂ ಒಂದು ದೊಡ್ಡ ಬೊಗಸೆ. ಈಗ ಅಂಗಡಿಯಿಂದ ತಂದ ಡಬ್ಬಿಯನ್ನು ತಿರುಗಿಸಿ ಹಿಂಬದಿಯ ಸಣ್ಣಕ್ಷರಗಳನ್ನು ಓದಿರಿ. ಹಲವು ಮೂಲಿಕೆಗಳನ್ನು ಕೂಡಿಸಿ ಕಟ್ಟಿದ ಗುಳಿಗೆಯಲ್ಲಿ ಆ ಗಿಡದ ಪಾಲು ಎಷ್ಟು ಮಿಲಿಗ್ರಾಮೆಂದು ಅಲ್ಲಿ ಬರೆದಿರುತ್ತದೆ. ಬೊಗಸೆಯ ಕೀರ್ತಿಯನ್ನು ಚಿಟಿಕೆಗೆ ಅಂಟಿಸಿ ಮಾರುವ ಈ ವ್ಯಾಪಾರಕ್ಕೆ ವಿಜ್ಞಾನವೆಂದು ಹೆಸರು.

ಒಂದು ಇಡೀ ತಿಂಗಳು ನಡೆಯುವ ಪರೀಕ್ಷೆಯೂ ಇದೆಯಲ್ಲ ಎಂದು ಯಾರಾದರೂ ಹೇಳಿಯಾರು. ಇದೆ. ಕಾಯಿಸಿ ಕೊಂದ ಕ್ಷಯರೋಗಾಣುಗಳನ್ನು ಎಣ್ಣೆಯಲ್ಲಿ ಕಲಸಿ ಇಲಿಗೆ ಚುಚ್ಚಿದರೆ ಒಂದೆರಡು ವಾರಗಳಲ್ಲಿ ಅದರ ಕೀಲುಗಳು ಊದುತ್ತವೆಂಬುದನ್ನು ಪಿಯರ್ಸನ್ 1956ರಲ್ಲಿ ತೋರಿಸಿದ. ಇದು ಕಡಲಪಾಚಿಗಿಂತ ಮೇಲು. ಆದರೆ ಎಷ್ಟೋ ಪ್ರಬಂಧಗಳಲ್ಲಿ ಸಾರವನ್ನು ಕೊಡಲಾರಂಭಿಸುವುದು ರೋಗಾಣುಗಳನ್ನು ಚುಚ್ಚಿದ ದಿನದಿಂದಲೇ, ಅಂದರೆ ರೋಗ ಹುಟ್ಟುವುದಕ್ಕೂ ಮುಂಚೆ. ಮನುಷ್ಯನು ವೈದ್ಯನ ಬಾಗಿಲಿಗೆ ಬರುವುದು ರೋಗ ಹುಟ್ಟಿ ಎಷ್ಟೋ ಕಾಲವಾದ ಮೇಲೆ, ಮೂರು ಕಡೆ ಸುತ್ತಿ, ನಾಲ್ಕನೆಯ ಕಡೆ ದುಡ್ಡು ಕಳೆದುಕೊಂಡ ಮೇಲೆ.

ಇಷ್ಟು ದುರ್ಬಲವಾದ ಸಾಕ್ಷ್ಯದ ಮೇಲೆ ಇಷ್ಟು ಪ್ರಬಲವಾದ ನಂಬಿಕೆ ನಿಂತದ್ದು ಹೇಗೆ? ಕಾರಣ ಗೂಢವಾದದ್ದೇನೂ ಅಲ್ಲ. ಔಷಧವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗೆ ಒಂದು ವರ್ಷದಲ್ಲಿ ಪ್ರಬಂಧ ಮುಗಿಯಬೇಕು. ಗಿಡಗಳಿಗೆ ನಮ್ಮ ಪಶ್ಚಿಮಘಟ್ಟದಲ್ಲಿ ಬರಗಾಲವಿಲ್ಲ. ಇಲಿ, ಸೂಜಿ, ಪಾದರಸದ ನಳಿಕೆ ಕಾಲೇಜಿನಲ್ಲಿಯೇ ಉಂಟು. ಕಳೆದ ವರ್ಷ ಒಬ್ಬನು ಎಲೆಯನ್ನು ಹಿಡಿದಿದ್ದರೆ ಈ ವರ್ಷ ಮತ್ತೊಬ್ಬನು ಬೇರನ್ನು, ಮುಂದಿನ ವರ್ಷ ಇನ್ನೊಬ್ಬನು ತೊಗಟೆಯನ್ನು ಹಿಡಿದಾನು. ನಾನು ಒಮ್ಮೆ ಇಂಥ ಪ್ರಬಂಧಗಳ ಕಪಾಟಿನ ಮುಂದೆ ಒಂದು ಮಧ್ಯಾಹ್ನ ಕಳೆದೆ. ಬೆನ್ನಿನ ಮೇಲಿನ ಹೆಸರುಗಳನ್ನು ಓದುತ್ತ ಹೋದಂತೆ, ನಮ್ಮ ದೇಶದಲ್ಲಿ ಉರಿಯೂತವನ್ನು ಶಮನಮಾಡದ ಸಸ್ಯವೆಂದರೆ ಬಹುಶಃ ಇನ್ನೂ ಯಾರ ಕೈಗೂ ಸಿಗದ ಸಸ್ಯವಿರಬೇಕು ಎನ್ನಿಸಿತು. ನನ್ನ ಕಣ್ಣಿಗೆ ಬಿದ್ದವುಗಳಲ್ಲಿ “ಈ ಗಿಡಕ್ಕೆ ಅಂಥ ಗುಣವಿಲ್ಲ” ಎಂದು ಮುಗಿದದ್ದು ಒಂದೂ ಇರಲಿಲ್ಲ. ಯಾರೂ ಅನುತ್ತೀರ್ಣರಾಗದ ಪರೀಕ್ಷೆಯ ಪ್ರಶಸ್ತಿಪತ್ರಕ್ಕೆ ಬೆಲೆಯೆಷ್ಟೆಂಬುದನ್ನು ಶಾಲಾಮಾಸ್ತರರೇ ಹೇಳಬಲ್ಲರು. ವಿದ್ಯಾರ್ಥಿಗಳನ್ನು ನಾನು ದೂರುವುದಿಲ್ಲ. ಅವರು ವಿಧಾನವನ್ನು ಕಲಿಯಲು ಮಾಡಿದ ಅಭ್ಯಾಸಪಾಠವನ್ನು ಔಷಧದ ಸಿದ್ಧಿಯೆಂದು ಹೊತ್ತು ಮೆರೆಸಿದವರು ಬೇರೆಯವರು.

ಇದಕ್ಕೆ ಪೂರ್ವಪಕ್ಷದವರು ಕೊಡುವ ಉತ್ತರಗಳಲ್ಲಿ ಗಟ್ಟಿಯಾದದ್ದು ಒಂದು: ಇಲಿಯ ಪರೀಕ್ಷೆ ಮೊದಲ ಮೆಟ್ಟಿಲು, ಮೊದಲ ಮೆಟ್ಟಿಲನ್ನು ಹತ್ತದೆ ಮಹಡಿಗೆ ಹೋಗುವುದು ಹೇಗೆ? ಮಾತು ಹೌದು. ಆದರೆ ಅರ್ಧ ಶತಮಾನಕ್ಕೂ ಮೀರಿ ಅದೇ ಮೆಟ್ಟಿಲ ಮೇಲೆ ಚಾಪೆ ಹಾಸಿ ಕುಳಿತವರನ್ನು ಆರೋಹಣ ಮಾಡುತ್ತಿದ್ದಾರೆಂದು ಹೇಗೆ ಕರೆಯುವುದು? ಅದಕ್ಕಿಂತ ಮುಖ್ಯವಾಗಿ, ಈ ಮೆಟ್ಟಿಲು ನಮ್ಮ ಮೂಲಿಕೆಗಳಿಗೆ ಮೊದಲನೆಯದೇ ಎಂಬುದು ನನ್ನ ಸಂದೇಹ. ಯಾರೂ ನುಂಗದ ಹೊಸ ರಾಸಾಯನಿಕವನ್ನು ನೇರವಾಗಿ ಮನುಷ್ಯನಿಗೆ ಕೊಡುವುದು ಪಾತಕವಾದೀತು, ಅಲ್ಲಿ ಇಲಿಯೇ ಮುಂದಾಗಬೇಕು. ಆದರೆ ಶುಂಠಿಯನ್ನೂ ಅಮೃತಬಳ್ಳಿಯನ್ನೂ ನೂರಾರು ವರ್ಷಗಳಿಂದ ಕುಡಿಯುತ್ತ ಬಂದ ಜನ ಇಲ್ಲಿಯೇ ನಮ್ಮ ಕಣ್ಣೆದುರಿಗೆ ಇರುವಾಗ, ಅವರನ್ನು ಬಿಟ್ಟು ಇಲಿಯ ಅಪ್ಪಣೆ ಕೇಳಲು ಹೋಗುವುದು ಊರ ಗೌಡನ ಸುದ್ದಿಯನ್ನು ಪರದೇಶಿಯಿಂದ ವಿಚಾರಿಸಿದಂತೆ. ವಿಲೋ ಮರದ ತೊಗಟೆಯ ಕಥೆಯನ್ನು ನೋಡಿ. ಇಂಗ್ಲೆಂಡಿನ ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿಯು ಒಣಗಿಸಿ ಪುಡಿಮಾಡಿದ ತೊಗಟೆಯನ್ನು ಚಳಿಜ್ವರದ ಸುಮಾರು ಐವತ್ತು ಜನರಿಗೆ ಕೊಟ್ಟು ಕಂಡದ್ದನ್ನು 1763ರಲ್ಲಿ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. 1828ರಲ್ಲಿ ಅದರಿಂದ ಸ್ಯಾಲಿಸಿನ್ ಎಂಬ ಸತ್ತ್ವ ಬೇರ್ಪಟ್ಟಿತು. ಸ್ಕಾಟ್ಲೆಂಡಿನ ಡಂಡೀ ನಗರದ ವೈದ್ಯ ಮ್ಯಾಕ್ಲಗನ್ ಮೊದಲು ಅದನ್ನು ತಾನೇ ನುಂಗಿ ನೋಡಿ, ಅಪಾಯವಿಲ್ಲವೆಂದು ಕಂಡ ಬಳಿಕ ಕೀಲುವಾತದ ಜ್ವರದಿಂದ ನರಳುತ್ತಿದ್ದವರಿಗೆ ಕೊಟ್ಟು, ಫಲವನ್ನು 1876ರಲ್ಲಿ ಪ್ರಕಟಿಸಿದ. 1897ರಲ್ಲಿ ಅದೇ ವಂಶದ ಆಸ್ಪಿರಿನ್ ಹುಟ್ಟಿತು. ಅದು ದೇಹದಲ್ಲಿ ಕೆಲಸಮಾಡುವ ಬಗೆಯನ್ನು ಔಷಧಶಾಸ್ತ್ರಜ್ಞ ಜಾನ್ ವೇನ್ ತಿಳಿಸಿದ್ದು 1971ರಲ್ಲಿ. ಆ ವೇಳೆಗೆ ಸ್ಟೋನನ ಪತ್ರಕ್ಕೆ ಇನ್ನೂರು ವರ್ಷ ದಾಟಿತ್ತು. ಮೊದಲು ಮನುಷ್ಯ, ಆಮೇಲೆ ಸತ್ತ್ವ, ಕೊನೆಗೆ ಕಾರಣ. ನಾವು ಈ ಕ್ರಮವನ್ನು ತಲೆಕೆಳಗು ಮಾಡಿ, ಕಾರಣದಿಂದ ಆರಂಭಿಸಿ ಮನುಷ್ಯನವರೆಗೆ ಬರುವುದನ್ನೇ ಮರೆತಿದ್ದೇವೆ.

ಎರಡನೆಯ ಉತ್ತರ ಇದಕ್ಕೆ ವಿರುದ್ಧ ದಿಕ್ಕಿನದು: ಸಾವಿರ ವರ್ಷಗಳ ಅನುಭವವೇ ಪ್ರಮಾಣವಾಗಿರುವಾಗ ಬೇರೆ ಪರೀಕ್ಷೆ ಏತಕ್ಕೆ? ಅನುಭವವು ದೊಡ್ಡದು, ಆದರೆ ಅದು ಎಣಿಸುವುದಿಲ್ಲ. 2006ರಲ್ಲಿ ಚಿಕುನ್‌ಗುನ್ಯ ನಮ್ಮ ರಾಜ್ಯದ ಜಿಲ್ಲೆಜಿಲ್ಲೆಗಳಲ್ಲಿ ಹಬ್ಬಿ, ಹೊಲದಲ್ಲಿ ಬಗ್ಗಿ ದುಡಿಯುತ್ತಿದ್ದ ಗಟ್ಟಿಮುಟ್ಟಾದ ಜನರು ಗೋಡೆ ಹಿಡಿದು ನಡೆಯುವಂತಾದ ಕಾಲವು ಬಹಳ ಮಂದಿಗೆ ನೆನಪಿರಬಹುದು. ಆಗ ಊರಿಗೊಂದು ಕಷಾಯ, ಕೇರಿಗೊಂದು ಪುಡಿ. ಒಬ್ಬರು ಪಾರಿಜಾತದ ಎಲೆಯಿಂದ ಎದ್ದು ನಿಂತರು, ಇನ್ನೊಬ್ಬರು ಅಮೃತಬಳ್ಳಿಯಿಂದ, ಮೂರನೆಯವರು ಅಂಗಡಿಯ ಮಾತ್ರೆಯಿಂದ, ನಾಲ್ಕನೆಯವರು ಯಾವುದರ ಗೊಡವೆಗೂ ಹೋಗದೆ ಜಗಲಿಯ ಮೇಲೆ ಮಲಗಿದ್ದು ಎದ್ದು ನಿಂತರು. ಆ ಜ್ವರದ ಕೀಲುನೋವು ಬಹುಮಂದಿಯಲ್ಲಿ ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ತಾನಾಗಿ ಇಳಿಯುವಂಥದು. ನಾಲ್ಕನೆಯವರನ್ನು ಲೆಕ್ಕಕ್ಕೆ ಹಿಡಿಯದಿದ್ದುದರಿಂದ ಮೊದಲ ಮೂವರ ಮದ್ದುಗಳೂ ರಾಮಬಾಣಗಳಾದವು. ಹಳೆಯ ಸಂಧಿವಾತವೂ ಏರಿಳಿಯುತ್ತಿರುವ ರೋಗ. ನೋವು ನೆತ್ತಿಗೇರಿದ ದಿನವೇ ಮದ್ದು ಹುಡುಕುತ್ತೇವೆ; ನೆತ್ತಿಗೇರಿದ್ದು ಇಳಿಯಲೇಬೇಕು; ಇಳಿದದ್ದರ ಯಶಸ್ಸು ಆ ವಾರ ಕೈಯಲ್ಲಿದ್ದ ಸೀಸೆಗೆ ಸಲ್ಲುತ್ತದೆ.

ಮೂರನೆಯದನ್ನು ಉತ್ತರವೆನ್ನುವುದಕ್ಕಿಂತ ಮಂತ್ರವೆನ್ನುವುದು ಸರಿ: “ಗಿಡಮೂಲಿಕೆ, ಅಡ್ಡಪರಿಣಾಮವಿಲ್ಲ.” ಇಲಿಯ ಪಾದವನ್ನು ಊದಿಸುವ ಕ್ಯಾರಜೀನನ್ ಕೂಡ ಅಪ್ಪಟ ನೈಸರ್ಗಿಕವೆಂಬುದನ್ನು ಈ ಮಂತ್ರದ ಉಪಾಸಕರು ಗಮನಿಸಿದಂತಿಲ್ಲ. ನಮ್ಮ ಸೋದರತ್ತೆಯೊಬ್ಬರು ರುಮಟಾಯ್ಡ್ ಸಂಧಿವಾತದಿಂದ ಬಳಲುತ್ತಿದ್ದವರು, ಆಸ್ಪತ್ರೆಯ ಔಷಧವನ್ನು ಬಿಟ್ಟು, ದೂರದ ಊರಿನಿಂದ ಅಂಚೆಯಲ್ಲಿ ತರಿಸಿದ ಹೆಸರಿಲ್ಲದ ಪುಡಿಯೊಂದನ್ನು ತೆಗೆದುಕೊಳ್ಳಲಾರಂಭಿಸಿದರು. ಮೂರನೆಯ ದಿನಕ್ಕೇ ನೋವು ಮಾಯ. ಬೆರಳು ಮಡಿಸಿ ಜಡೆ ಹಾಕಿಕೊಂಡೆನೆಂದು ಕಣ್ಣೀರಿಟ್ಟು ಸಂತೋಷಪಟ್ಟರು. ನಾಲ್ಕು ತಿಂಗಳಲ್ಲಿ ಮುಖ ಚಂದ್ರಬಿಂಬದಂತೆ ತುಂಬಿಕೊಂಡಿತು. ಸಕ್ಕರೆಯ ಕಾಯಿಲೆ ಕಾಣಿಸಿತು. ಚರ್ಮ ಮುಟ್ಟಿದರೆ ನೀಲಿಗಟ್ಟುವಷ್ಟು ತೆಳುವಾಯಿತು. ನೋಡಿದ ವೈದ್ಯರು ಮುಖ ಕಂಡೊಡನೆಯೇ ಪುಡಿಯನ್ನು ತರಹೇಳಿದರು. ಅದರೊಳಗಿದ್ದದ್ದು ಗಿಡವಲ್ಲ, ಸ್ಟಿರಾಯ್ಡು. ಕೀಲುನೋವಿನ ಪುಡಿಗಳಲ್ಲಿ ಹೀಗೆ ಡೆಕ್ಸಮೆಥಸೋನನ್ನೋ ಡೈಕ್ಲೋಫೆನಾಕನ್ನೋ ಬೆರೆಸಿ ಮಾರುವ ಮೋಸವು ನಮ್ಮ ದೇಶದಲ್ಲಿಯೂ ಹೊರಗೂ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಇದು ಮೋಸಗಾರನ ತಪ್ಪು, ಮೂಲಿಕೆಯದಲ್ಲ ಎನ್ನುತ್ತೀರಿ, ಒಪ್ಪಿದೆ. ಆದರೆ ಪರೀಕ್ಷೆಯಿಲ್ಲದ ಸಂತೆಯಲ್ಲಿ ಸಾಚಾ ವೈದ್ಯನಿಗೂ ಮೋಸಗಾರನಿಗೂ ಕಾಣುವ ವ್ಯತ್ಯಾಸವೇನು? ಮೂರು ದಿನಗಳಲ್ಲಿ ಗುಣ ತೋರಿಸುವವನ ಮುಂದೆ ಮೂರು ತಿಂಗಳು ಪಥ್ಯ ಹೇಳುವವನು ಸೋಲುತ್ತಾನೆ.

ಕೊನೆಯದಾಗಿ, ಆಯುರ್ವೇದದ ಚಿಕಿತ್ಸೆ ವ್ಯಕ್ತಿವ್ಯಕ್ತಿಗೂ ಬೇರೆಯಾದ್ದರಿಂದ ಪಾಶ್ಚಾತ್ಯ ಮಾದರಿಯ ಪರೀಕ್ಷೆಗೆ ಅದು ಒಳಪಡಲಾರದು ಎಂಬ ವಾದ. ಇದನ್ನು ಯುಕ್ತಿಯಿಂದ ಖಂಡಿಸುವ ಶ್ರಮವೇ ಬೇಡ, ಮಾಡಿ ತೋರಿಸಿದವರಿದ್ದಾರೆ. ಕೊಯಮತ್ತೂರಿನಲ್ಲಿ ರುಮಟಾಯ್ಡ್ ಸಂಧಿವಾತದ 43 ರೋಗಿಗಳನ್ನು ಮೂರು ಪಂಗಡಮಾಡಿ, ಒಂದಕ್ಕೆ ಈ ರೋಗಕ್ಕೆ ಆಸ್ಪತ್ರೆಗಳಲ್ಲಿ ರೂಢಿಯಾಗಿ ಕೊಡುವ ಮೆಥೊಟ್ರೆಕ್ಸೇಟ್, ಒಂದಕ್ಕೆ ರೋಗಿಯ ಪ್ರಕೃತಿಗೆ ತಕ್ಕಂತೆ ವೈದ್ಯರು ಆರಿಸಿದ ಶಾಸ್ತ್ರೀಯ ಆಯುರ್ವೇದ ಔಷಧಗಳು, ಇನ್ನೊಂದಕ್ಕೆ ಎರಡನ್ನೂ ಕೊಟ್ಟು, ಹುಸಿಗುಳಿಗೆಗಳನ್ನೂ ಹುಸಿಕಷಾಯಗಳನ್ನೂ ತಯಾರಿಸಿ, ಯಾರಿಗೆ ಯಾವುದೆಂಬುದು ಕೊಡುವವರಿಗೂ ಕುಡಿಯುವವರಿಗೂ ತಿಳಿಯದ ಹಾಗೆ 36 ವಾರ ನಡೆಸಿದ ಪರೀಕ್ಷೆಯ ಫಲ 2011ರಲ್ಲಿ ಪ್ರಕಟವಾಯಿತು. ಮೂರು ಪಂಗಡಗಳೂ ಹೆಚ್ಚುಕಡಿಮೆ ಸಮನಾಗಿ ಸುಧಾರಿಸಿದ್ದವು. ಸಂಖ್ಯೆ ಚಿಕ್ಕದು, ನಡೆಸಿದವರೇ ಅದನ್ನು ಪ್ರಾರಂಭಿಕ ಪರೀಕ್ಷೆಯೆಂದು ಕರೆದರು. ಆದರೆ ಅಸಾಧ್ಯವೆಂಬ ಮಾತು ಅಲ್ಲಿಗೆ ಮುಗಿಯಿತು. ನಾಗಪುರದಲ್ಲಿ ಮೊಣಕಾಲು ಸವೆದ 30 ಜನರಿಗೆ ಶಲ್ಲಕಿಯೆಂಬ ಮರದ ಅಂಟಿನ ಸಾರವನ್ನೂ ಹುಸಿಗುಳಿಗೆಯನ್ನೂ ಎಂಟೆಂಟು ವಾರ ಅದಲುಬದಲು ಮಾಡಿ ಕೊಟ್ಟವರು 2003ರಲ್ಲಿ ಬರೆದದ್ದು ಹೀಗೆ: ನೋವು ತಗ್ಗಿತು, ಮಂಡಿ ಹೆಚ್ಚು ಮಡಿಯಿತು, ನಡೆಯುವ ದೂರ ಹೆಚ್ಚಿತು, ಎಕ್ಸ್‌ರೇ ಚಿತ್ರದಲ್ಲಿ ಬದಲಾವಣೆಯಿಲ್ಲ. ಆ ಕೊನೆಯ ವಾಕ್ಯವನ್ನು ಮುಚ್ಚಿಡದೆ ಬರೆದದ್ದರಿಂದಲೇ ಮೊದಲ ಮೂರು ವಾಕ್ಯಗಳನ್ನು ನಾನು ನಂಬುತ್ತೇನೆ.

ಪುಣೆಯ ವೈದ್ಯ ಅರವಿಂದ ಚೋಪ್ರಾ ಮತ್ತು ಸಂಗಡಿಗರ ಕೆಲಸ ಇವೆಲ್ಲಕ್ಕಿಂತ ದೊಡ್ಡದು. ಮೊಣಕಾಲಿನ ಸವೆತದ 440 ರೋಗಿಗಳು, 24 ವಾರ, ಅಮೃತಬಳ್ಳಿ, ಶುಂಠಿ, ನೆಲ್ಲಿಕಾಯಿ, ಶಲ್ಲಕಿ ಇವುಗಳ ಸಾರಗಳ ಯೋಗಗಳನ್ನು ಗ್ಲುಕೊಸಮೈನ್ ಮತ್ತು ಸೆಲಿಕಾಕ್ಸಿಬ್ ಮಾತ್ರೆಗಳೊಡನೆ ಹೋಲಿಸಿ ನೋಡಿದರು. 2013ರಲ್ಲಿ ಹೊರಬಿದ್ದ ಫಲಿತಾಂಶದಲ್ಲಿ ಆಯುರ್ವೇದದ ಯೋಗಗಳು ಆ ಮಾತ್ರೆಗಳಿಗೆ ಸಮಸಮವಾಗಿ ನಿಂತವು. ಜೊತೆಗೆ ಇನ್ನೊಂದೂ ಹೊರಬಿತ್ತು: ಆ ಯೋಗಗಳನ್ನು ಸೇವಿಸಿದವರಲ್ಲಿ ಏಳು ಮಂದಿಯ ರಕ್ತದಲ್ಲಿ ಯಕೃತ್ತಿನ ಕಿಣ್ವವೊಂದು ಏರಿದ್ದರಿಂದ ಅವರಿಗೆ ಔಷಧವನ್ನು ನಿಲ್ಲಿಸಬೇಕಾಯಿತು, ನಿಲ್ಲಿಸಿದ ಮೇಲೆ ಅದು ಇಳಿಯಿತು. ಗಿಡಕ್ಕೆ ಗುಣವುಂಟೆಂಬುದೂ ದೋಷವುಂಟೆಂಬುದೂ ಒಟ್ಟೊಟ್ಟಿಗೆ ತಿಳಿದದ್ದು ಇಲ್ಲಿ, ಮನುಷ್ಯರ ನಡುವೆ. ಐದು ಗಂಟೆಗಳ ಇಲಿಯು ಇವೆರಡರಲ್ಲಿ ಯಾವುದನ್ನೂ ಹೇಳಲಾರದು. ನಮ್ಮ ಮೂಲಿಕೆಗಳಿಗೆ ನಿಜವಾದ ಮರ್ಯಾದೆ ತಂದುಕೊಟ್ಟ ಈ ಪರೀಕ್ಷೆಯ ವಿಷಯ ಯಾವ ತೈಲದ ಸೀಸೆಯ ಮೇಲೂ ನಾನು ಕಂಡಿಲ್ಲ. ಬಹುಶಃ ಅದರಲ್ಲಿ ಯಕೃತ್ತಿನ ಮಾತು ಬರುವುದರಿಂದಿರಬೇಕು.

ಇಂಥ ಸೀಸೆಗಳ ಜಾಹೀರಾತಿಗೆ ಕಡಿವಾಣವೇ ಇಲ್ಲವೆಂದಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಣೀಯ ಜಾಹೀರಾತು ಕಾಯಿದೆಯ ಅನುಸೂಚಿಯಲ್ಲಿ, ಗುಣಪಡಿಸುತ್ತೇವೆಂದು ಜಾಹೀರಾತು ಕೊಡಬಾರದ ರೋಗಗಳ ಪಟ್ಟಿಯೊಳಗೆ, ಕೀಲುವಾತದ ಹೆಸರೂ ಉಂಟು. ಕಾಯಿದೆಗೆ ಎಪ್ಪತ್ತು ವರ್ಷ ಸಂದಿತು, ಜಾಹೀರಾತಿಗೆ ಮುಪ್ಪು ಬಂದಿಲ್ಲ. ಆದ್ದರಿಂದ ನಾನು ಸರ್ಕಾರವನ್ನು ಕುರಿತು ಏನನ್ನೂ ಬೇಡುವುದಿಲ್ಲ. ನನ್ನ ಬಿನ್ನಹ ನಮ್ಮ ಕಾಲೇಜುಗಳ ಮಾರ್ಗದರ್ಶಕರಲ್ಲಿ. ಬರುವ ವರ್ಷ ನಿಮ್ಮ ಬಳಿಗೆ ಪ್ರಬಂಧದ ವಿಷಯ ಕೇಳಿಕೊಂಡು ಬರುವ ವಿದ್ಯಾರ್ಥಿಗಳಲ್ಲಿ ಒಬ್ಬನನ್ನಾದರೂ ಇಲಿಯ ಪಂಜರದಿಂದ ಬಿಡುಗಡೆಮಾಡಿ, ಹತ್ತಿರದ ಆಯುರ್ವೇದ ಆಸ್ಪತ್ರೆಯ ಹೊರರೋಗಿಗಳ ವಿಭಾಗದ ಬೆಂಚಿನ ಮೇಲೆ ಕೂರಿಸಿರಿ. ಯಾವ ರೋಗಿಗೆ ವೈದ್ಯರು ಏನನ್ನು ಕೊಟ್ಟರು, ಅವರು ಮೊದಲ ದಿನ ಎಷ್ಟು ಮೆಟ್ಟಿಲು ಹತ್ತುತ್ತಿದ್ದರು, ಮೂರು ತಿಂಗಳ ಮೇಲೆ ಎಷ್ಟು ಹತ್ತಿದರು, ಯಾರಿಗೆ ಗುಣವಾಗಲಿಲ್ಲ, ಯಾರು ಮತ್ತೆ ಬರಲೇ ಇಲ್ಲ ಎಂಬುದನ್ನು ಅವನು ಒಂದು ಪುಸ್ತಕದಲ್ಲಿ ದಿನದಿನವೂ ಬರೆದಿಡಲಿ. ಅದಕ್ಕೆ ಬೇಕಾದದ್ದು ಒಂದು ಬೆಂಚು, ಒಂದು ಲೇಖನಿ, ಮತ್ತು ಗುಣವಾಗಲಿಲ್ಲವೆಂದು ಬರೆದರೂ ಅವನನ್ನು ತೇರ್ಗಡೆಮಾಡುವ ಒಬ್ಬ ಪರೀಕ್ಷಕ.